ಅಮ್ಮನಿಗೆ ಮರೆವು, ನೀವು ದೂರದ ಊರಲ್ಲಿ: ಫೋನ್ ಮಾಡುವುದು ಹೇಗೆ?

ನೆಂಟರ ಮನೆಗಳಲ್ಲಿ ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮರೆವಿನ ಕಾಯಿಲೆ ಇರುವ ಅಜ್ಜಿಯ ಕಿವಿಗೆ ಯಾರೋ ಫೋನ್ ಹಿಡಿಯುತ್ತಾರೆ. ಆ ಕಡೆಯಿಂದ ಮಗ ಕೂಗುತ್ತಾನೆ, "ನಾನು ಯಾರು ಹೇಳು ನೋಡೋಣ?" ಅಜ್ಜಿ ಸುಮ್ಮನಾಗುತ್ತಾರೆ. "ಗೊತ್ತಾಗ್ಲಿಲ್ವಾ? ಹೆತ್ತ ಮಗನೇ ಮರೆತುಹೋದನಾ?" ಅಜ್ಜಿ ನಗಲು ನೋಡುತ್ತಾರೆ, ಆಗುವುದಿಲ್ಲ, ಸೆರಗು ಬಾಯಿಗೆ ಹೋಗುತ್ತದೆ. ಫೋನ್ ಇಟ್ಟ ಮೇಲೆ ಇಡೀ ಸಂಜೆ ಮಂಕು. ಮಗನಿಗೆ ಪ್ರೀತಿ ಇಲ್ಲ ಅಂತಲ್ಲ. ಹೇಗೆ ಮಾತಾಡಬೇಕು ಅಂತ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೆ.

ನನ್ನ ಅಮ್ಮ ಸಾಗರದ ಹತ್ತಿರ ಹಳ್ಳಿಯಲ್ಲಿದ್ದಾರೆ, ನಾನು ಬೆಂಗಳೂರಲ್ಲಿದ್ದೇನೆ. ಆರು ವರ್ಷದಿಂದ ಕಲಿತದ್ದನ್ನು ಹಂತ ಹಂತವಾಗಿ ಬರೆಯುತ್ತೇನೆ.

1. ಮೊದಲು ತಪಾಸಣೆ

"ಅರವತ್ತಕ್ಕೆ ಅರಳು ಮರಳು" ಅಂತ ಬಿಟ್ಟುಬಿಡಬೇಡಿ. ನಮ್ಮ ದೇಶದಲ್ಲಿ 60 ದಾಟಿದ 100 ಜನರಲ್ಲಿ ಡಿಮೆನ್ಶಿಯಾ, ಅಂದರೆ ಈ ಮರೆವಿನ ಕಾಯಿಲೆ, ಇರುವುದು ಸುಮಾರು 7 ಮಂದಿಗೆ. ಉಳಿದ 93 ಮಂದಿಗೂ ವಯಸ್ಸಾಗಿದೆ ಅಲ್ವಾ? ಬಿ12 ಕಮ್ಮಿಯಾದರೂ ಮರೆವು ಬರುತ್ತದೆ, ಸಸ್ಯಾಹಾರಿಗಳಲ್ಲಿ ಇದು ಜಾಸ್ತಿ. ಥೈರಾಯ್ಡ್, ಸೋಡಿಯಂ, ಖಿನ್ನತೆ ಇವೂ ಹಾಗೆಯೇ, ಇವಕ್ಕೆಲ್ಲ ಔಷಧಿ ಇದೆ. ಕಿವಿಯನ್ನೂ ತೋರಿಸಿ. ಎಷ್ಟೋ ಸಲ ಅರ್ಧ ತೊಂದರೆ ಕಿವಿಯದ್ದೇ ಇರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ಗೇ ಓಡಬೇಕು ಅಂತೇನಿಲ್ಲ. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ನಡೆಸುವ ಮೆದುಳು ಆರೋಗ್ಯ ಕ್ಲಿನಿಕ್ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿದೆ, ಮೊದಲು ಅಲ್ಲಿ ವಿಚಾರಿಸಿ.

ಟಿವಿಯಲ್ಲಿ ಬರುವ ನೆನಪಿನ ಟಾನಿಕ್, ಪುಡಿಗಳಿಗೆ ದುಡ್ಡು ಹಾಕಬೇಡಿ. ನಾನು ಎರಡು ವರ್ಷ ಹಾಕಿದೆ, ಏನೂ ಪ್ರಯೋಜನವಾಗಲಿಲ್ಲ. ಇನ್ನೊಂದು ಮಾತು, ನೆಗಡಿಗೆ, ನಿದ್ದೆಗೆ ಅಂತ ಅಂಗಡಿಯಲ್ಲಿ ಕೇಳಿ ತರುವ ಮಾತ್ರೆಗಳಲ್ಲಿ ಕೆಲವು ಗೊಂದಲವನ್ನು ಜಾಸ್ತಿ ಮಾಡುತ್ತವೆ. ಡಾಕ್ಟರನ್ನು ಕೇಳದೆ ಕೊಡಿಸಲೇಬೇಡಿ.

2. ಊರಲ್ಲಿ ಒಬ್ಬರು

ಹತ್ತು ನೆಂಟರು ಬೇಡ, ಮನೆಯ ಬೀಗದ ಕೈ ಇಟ್ಟುಕೊಂಡು ಹತ್ತು ನಿಮಿಷದಲ್ಲಿ ಬರಬಲ್ಲ ಒಬ್ಬರು ಸಾಕು. ಅವರ ಪೆಟ್ರೋಲ್ ಖರ್ಚು ನೀವೇ ಕೊಡಿ, ಅವರು ಬೇಡ ಅಂದರೂ ಕೊಡಿ.

3. ಫೋನ್

ಎಲ್ಲರೂ ತಪ್ಪು ಮಾಡುವುದು ಇಲ್ಲೇ. ಅದಕ್ಕೇ ಇದನ್ನು ಉದ್ದಕ್ಕೆ ಬರೆಯುತ್ತೇನೆ.

ಹೊತ್ತು ಗೊತ್ತು ಮಾಡಿಕೊಳ್ಳಿ. ನಾನು ಬೆಳಗ್ಗೆ 10ಕ್ಕೆ, ಅಮ್ಮನ ಸ್ನಾನ, ಕಾಫಿ ಆದ ಮೇಲೆ ಮಾಡುತ್ತೇನೆ. ಆಫೀಸು ಮುಗಿಸಿ ಸಂಜೆ ಮಾಡೋಣ ಅನ್ನುವುದು ನಮ್ಮ ಅನುಕೂಲ, ಅವರದ್ದಲ್ಲ. ಈ ಕಾಯಿಲೆ ಇರುವ ಬಹಳ ಜನರಿಗೆ ಹೊತ್ತು ಮುಳುಗುವಾಗ ಗಲಿಬಿಲಿ, ಸಿಟ್ಟು, ಭಯ ಎಲ್ಲ ಜಾಸ್ತಿಯಾಗುತ್ತದೆ. ಆ ಹೊತ್ತಲ್ಲಿ ಬಂದ ಫೋನ್ ಅವರಿಗೆ ಇನ್ನೊಂದು ಗದ್ದಲ. ವಿಡಿಯೊ ಕಾಲ್ ಬೇಡ ಅಂತ ನನ್ನ ಖಡಾಖಂಡಿತ ಅಭಿಪ್ರಾಯ. ಪರದೆಯ ಮೂಲೆಯಲ್ಲಿ ಕಾಣುವ ತನ್ನದೇ ಮುಖ ನೋಡಿ ಅಮ್ಮ "ಅಲ್ಲಿ ಕೂತಿರೋ ಆ ಮುದುಕಿ ಯಾರು?" ಅಂತ ಹೆದರಿದ್ದರು. ದೊಡ್ಡ ಗುಂಡಿಗಳಿರುವ, ಧ್ವನಿ ಜೋರಾಗಿ ಕೇಳುವ ಸಾದಾ ಫೋನ್ ತೆಗೆದುಕೊಡಿ.

ನಿಮ್ಮ ಮೊದಲ ಮಾತು ಪರಿಚಯ ಆಗಿರಲಿ. "ಅಮ್ಮಾ, ನಾನು ನಿನ್ನ ದೊಡ್ಡ ಮಗಳು, ಬೆಂಗಳೂರಿಂದ." ಪ್ರತಿದಿನ ಹೇಳಿ. ಗುರುತು ಹಿಡಿಯುವ ಕೆಲಸವನ್ನು ಅವರ ಮೇಲೆ ಹಾಕಬೇಡಿ.

ಆಮೇಲೆ ನಮ್ಮ ಬಾಯಿಗೆ ತಾನಾಗಿ ಬರುವ ಪ್ರಶ್ನೆ, "ತಿಂಡಿ ಏನು ತಿಂದೆ?" ಇದನ್ನು ಕೇಳಲೇಬೇಡಿ. ಈ ಕಾಯಿಲೆಯಲ್ಲಿ ಮೊದಲು ಜಾರಿಹೋಗುವುದು ಹೊಸ ನೆನಪು. ಎರಡು ಗಂಟೆ ಹಿಂದಿನ ದೋಸೆ ಅವರ ತಲೆಯಲ್ಲಿ ಇರುವುದೇ ಇಲ್ಲ. ಆದರೆ ಮಗಳು ಕೇಳಿದ್ದಾಳೆ, ಉತ್ತರ ಕೊಡಬೇಕು. ಹಾಗಾಗಿ ಆ ಜಾಗಕ್ಕೆ ಏನೋ ಒಂದು ತುಂಬುತ್ತಾರೆ. "ನಂಗೆ ಇವತ್ತು ಏನೂ ಕೊಟ್ಟೇ ಇಲ್ಲ" ಅಂತ ಅಮ್ಮ ಒಂದು ದಿನ ಹೇಳಿದಾಗ, ನಾನು ಹಿಂದೆ ಮುಂದೆ ನೋಡದೆ ಅಮ್ಮನನ್ನು ನೋಡಿಕೊಳ್ಳುತ್ತಿದ್ದ ಹೆಂಗಸಿಗೆ ಬಾಯಿಗೆ ಬಂದಂತೆ ಬೈದೆ. ಅವರು ಎರಡು ವರ್ಷ ಅಮ್ಮನಿಗೆ ತಲೆ ಬಾಚಿ, ಬಟ್ಟೆ ಒಗೆದು, ತುತ್ತು ಕೊಟ್ಟವರು. ಮರುದಿನ ಬರಲಿಲ್ಲ. ಆ ಬೆಳಗ್ಗೆ ಅಮ್ಮ ಮೂರು ದೋಸೆ ತಿಂದಿದ್ದರು ಅಂತ ಪಕ್ಕದ ಮನೆಯವರು ಆಮೇಲೆ ಹೇಳಿದರು. ಅಂಥ ಇನ್ನೊಬ್ಬರು ಸಿಗಲು ನಮಗೆ ನಾಲ್ಕು ತಿಂಗಳು ಬೇಕಾಯಿತು. ಅಮ್ಮ ಸುಳ್ಳು ಹೇಳಿದ್ದಲ್ಲ, ಆ ಹೆಂಗಸು ತಪ್ಪು ಮಾಡಿದ್ದೂ ಅಲ್ಲ. ಕೇಳಬಾರದ್ದನ್ನು ಕೇಳಿದ್ದು ನಾನು.

ಹಾಗಾದರೆ ಏನು ಮಾತಾಡುವುದು? ಕೇಳುವುದಕ್ಕಿಂತ ಹೇಳುವುದು ಜಾಸ್ತಿ ಇರಲಿ. "ಇಲ್ಲಿ ಬೆಳಗ್ಗೆಯಿಂದ ಮಳೆ ಅಮ್ಮ, ನಿನ್ನ ಅಪ್ಪೆಹುಳಿ ನೆನಪಾಯ್ತು." ಕೇಳಲೇಬೇಕಾದರೆ ಹಳೆಯದನ್ನು ಕೇಳಿ. ಉಪ್ಪಿನಕಾಯಿಗೆ ಮಿಡಿ ಹೇಗಿರಬೇಕು, ಸೊಪ್ಪಿನ ಬೆಟ್ಟಕ್ಕೆ ಯಾರ ಜೊತೆ ಹೋಗುತ್ತಿದ್ದಿರಿ, ಇಂಥವು. ಮಗನ ಹೆಸರು ಸಿಗದ ದಿನವೂ ಅಮ್ಮ ಮಿಡಿಯ ತೊಟ್ಟು, ಸೊನೆ, ಉಪ್ಪಿನ ಲೆಕ್ಕ ಹೇಳುತ್ತಾರೆ. ಮಾತು ಬರದ ದಿನ ಆರತಿ ಹಾಡು ಶುರು ಮಾಡುತ್ತೇನೆ, ಎರಡನೇ ಸಾಲಿಗೆ ಅವರೇ ಸೇರುತ್ತಾರೆ.

ಅದೇ ಪ್ರಶ್ನೆ ಐದು ಸಲ ಬಂದರೆ ಐದು ಸಲವೂ ಮೊದಲ ಸಲ ಕೇಳಿದ ಹಾಗೆ ಉತ್ತರ ಕೊಡಿ. "ಈಗ ತಾನೇ ಹೇಳಿದೆ ಅಲ್ವಾ" ಅನ್ನುವ ಮಾತು ಬಿಟ್ಟುಬಿಡಿ. ನೀವು ಹೇಳಿದ್ದು ಅವರಿಗೆ ಉಳಿಯುವುದಿಲ್ಲ, ನಿಮ್ಮ ದನಿಯ ಸಿಡುಕು ಮಾತ್ರ ತುಂಬಾ ಹೊತ್ತು ಉಳಿಯುತ್ತದೆ.

ತೀರಿಹೋದವರನ್ನು ಕೇಳಿದಾಗ ಇನ್ನೂ ಜಾಗ್ರತೆ. "ಅಪ್ಪಯ್ಯ ತೋಟದಿಂದ ಇನ್ನೂ ಬಂದಿಲ್ಲ" ಅಂತ ಅಮ್ಮ ಹೇಳುತ್ತಾರೆ. ಅಜ್ಜ ಹೋಗಿ 40 ವರ್ಷವಾಯಿತು. "ಅವರು ಸತ್ತುಹೋಗಿದ್ದಾರೆ ಅಮ್ಮ" ಅಂದರೆ ಅವರಿಗೆ ಆ ಸುದ್ದಿ ಅವತ್ತೇ ಬಂದ ಹಾಗೆ. ಅಳುತ್ತಾರೆ. ನಾಳೆ ಮತ್ತೆ ಕೇಳುತ್ತಾರೆ, ಮತ್ತೆ ಸುದ್ದಿ, ಮತ್ತೆ ಅಳು. ನಾನು "ಅಜ್ಜ ಬರುವಾಗ ನಿಂಗೆ ಏನು ತರುತ್ತಿದ್ದರು?" ಅಂತ ಕೇಳುತ್ತೇನೆ. ಮಾತು ಅಜ್ಜನ ಮೇಲೇ ಇರುತ್ತದೆ, ಕಾಯುವ ಕಳವಳ ಕಮ್ಮಿಯಾಗುತ್ತದೆ. ಇದು ಮೋಸ ಅಲ್ವಾ ಅಂತ ನನ್ನ ತಮ್ಮ ಕೇಳಿದ. ಅಲ್ಲ. ಅವರು ಇರುವ ಕಡೆಗೆ ನಾವು ಹೋಗಿ ಮಾತಾಡುವುದು. ನಮ್ಮ ಕಡೆಗೆ ಬರಲು ಅವರಿಗೆ ಆಗುವುದಿಲ್ಲ.

ಐದಾರು ನಿಮಿಷ ಸಾಕು.

4. ಎರಡನೇ ಫೋನ್

ನಿಜವಾದ ಸುದ್ದಿ ಬೇಕಾದರೆ ನೋಡಿಕೊಳ್ಳುವವರಿಗೆ ಬೇರೆ ಫೋನ್ ಮಾಡಿ, ಅಮ್ಮನ ಕಿವಿಗೆ ಬೀಳದ ಹಾಗೆ. ಊಟ, ನಿದ್ದೆ, ಮಾತ್ರೆ, ಮಲ ಮೂತ್ರ, ಬಿದ್ದರಾ, ಇಷ್ಟು ಕೇಳಿ. ಕೊನೆಗೆ "ನೀವು ಊಟ ಮಾಡಿದ್ರಾ?" ಅಂತ ಅವರನ್ನೂ ಕೇಳಿ.

ನಿನ್ನೆಯವರೆಗೆ ಸರಿ ಇದ್ದವರು ಒಂದೆರಡು ದಿನದಲ್ಲಿ ಪೂರ್ತಿ ಗಲಿಬಿಲಿಯಾದರೆ "ಕಾಯಿಲೆ ಜಾಸ್ತಿಯಾಯ್ತು" ಅಂತ ಸುಮ್ಮನೆ ಕೂರಬೇಡಿ. ಮರೆವು ಹಾಗೆ ದಿಢೀರ್ ಅಂತ ಸಾಮಾನ್ಯವಾಗಿ ಏರುವುದಿಲ್ಲ. ಮೂತ್ರದ ಸೋಂಕು, ನೀರು ಕಮ್ಮಿಯಾಗಿರುವುದು, ಮಲಬದ್ಧತೆ, ಹೊಸ ಮಾತ್ರೆ, ಹೀಗೆ ಏನೋ ಇರುತ್ತದೆ. ಅವತ್ತೇ ಡಾಕ್ಟರಿಗೆ ತೋರಿಸಿ.

5. ಕಾಗದ ಪತ್ರ

ಇದನ್ನು ತಡ ಮಾಡಿದವರೆಲ್ಲ ಒದ್ದಾಡಿದ್ದಾರೆ. "ಜಿಪಿಎ ಮಾಡಿಸಿಟ್ಟಿದ್ದೇವೆ, ಇನ್ನು ಚಿಂತೆ ಇಲ್ಲ" ಅಂತ ಬಹಳ ಜನ ನಂಬಿದ್ದಾರೆ. ಜಿಪಿಎ ಅಂದರೆ ತನ್ನ ಪರವಾಗಿ ವ್ಯವಹಾರ ಮಾಡಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರ ಪತ್ರ. 1872ರ ಕರಾರು ಕಾಯ್ದೆಯ 201ನೇ ಕಲಂ ಪ್ರಕಾರ, ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಆ ಅಧಿಕಾರ ಅಲ್ಲಿಗೆ ಮುಗಿಯಿತು. ಬೇಕಾದಾಗಲೇ ಅದು ಕೈಕೊಡುತ್ತದೆ. ಆಮೇಲೆ ಉಳಿಯುವುದು ಕೋರ್ಟಿನ ದಾರಿ. ಹಾಗಾಗಿ ಅವರಿಗೆ ತಿಳಿವಳಿಕೆ ಚೆನ್ನಾಗಿರುವಾಗಲೇ, ಅವರ ಒಪ್ಪಿಗೆಯಿಂದ, ಬ್ಯಾಂಕ್ ಖಾತೆಯನ್ನು ಇಬ್ಬರಲ್ಲಿ ಯಾರಾದರೂ ನಡೆಸಬಹುದಾದ ಜಂಟಿ ಖಾತೆ ಮಾಡಿಸಿ. ಉಯಿಲು ಬರೆಯುವುದಿದ್ದರೆ ಆಗಲೇ ಬರೆಯಲಿ, ಇಬ್ಬರು ಸಾಕ್ಷಿಗಳು ಬೇಕು. ಆ ದಿನ ಅವರಿಗೆ ಎಲ್ಲ ತಿಳಿಯುತ್ತಿತ್ತು ಅಂತ ಡಾಕ್ಟರ್ ಪತ್ರವೂ ಜೊತೆಗಿರಲಿ.

ಪಿಂಚಣಿ ಇದ್ದರೆ ನವೆಂಬರಿನ ಜೀವನ ಪ್ರಮಾಣಪತ್ರಕ್ಕೆ ಅವರನ್ನು ಬ್ಯಾಂಕಿನ ಸಾಲಲ್ಲಿ ನಿಲ್ಲಿಸಬೇಡಿ. ಅಂಚೆಯವರು ಮನೆಗೇ ಬಂದು ಮಾಡಿಕೊಡುತ್ತಾರೆ. ಹೆಬ್ಬೆಟ್ಟಿನ ಗೆರೆ ಸವೆದಿದ್ದರೆ ಫೋನಿನಲ್ಲಿ ಮುಖ ತೋರಿಸಿಯೂ ಆಗುತ್ತದೆ.

6. ಮನೆ

ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ರಾತ್ರಿ ಮುಚ್ಚಿಸಿ. ಬಚ್ಚಲಿಗೆ ಹಿಡಿಕೆ ಹಾಕಿಸಿ. ಬಾವಿಕಟ್ಟೆಗೆ ಜಾಲರಿ ಮುಚ್ಚಳ ಬೇಕೇ ಬೇಕು. ಕ್ಯಾಮೆರಾ ಹಾಕುವುದಾದರೆ ಜಗಲಿಗೆ, ಅಡುಗೆಮನೆಗೆ ಸಾಕು, ಮಲಗುವ ಕೋಣೆಗೆ ಬೇಡ. ದುಬಾರಿ ಜಿಪಿಎಸ್ ವಾಚ್ ತಂದು ನೋಡಿದೆ. ಅಮ್ಮ ಮೂರನೇ ದಿನ ಬಿಚ್ಚಿ ಅಕ್ಕಿ ಡಬ್ಬದೊಳಗೆ ಇಟ್ಟಿದ್ದರು. ಅದಕ್ಕಿಂತ ಸೀರೆ ಸೆರಗಿನ ಒಳಗೆ ಹೊಲಿದ, ಫೋನ್ ನಂಬರ್ ಬರೆದ ಬಟ್ಟೆ ತುಂಡೇ ವಾಸಿ. ಮನೆಯಿಂದ ಹೊರಟು ಕಾಣೆಯಾದರೆ ನೆಂಟರಿಗೆಲ್ಲ ಫೋನ್ ಮಾಡುತ್ತಾ ಕೂರದೆ ತಕ್ಷಣ 112ಕ್ಕೆ ಹೇಳಿ. ಹಿರಿಯರ ಸಹಾಯವಾಣಿ 14567. ನಿಮ್ಮ ಮನಸ್ಸಿಗೇ ತಡೆಯಲಾಗದ ದಿನ 14416ಕ್ಕೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ನಾನು ಎರಡು ಸಲ ಮಾಡಿದ್ದೇನೆ.

7. ಹೋಗಿ ಬರುವುದು

"ಹದಿನೈದು ದಿನ ಬೆಂಗಳೂರಿಗೆ ಕರ್ಕೊಂಡು ಬರೋಣ" ಅನ್ನುವುದು ಪ್ರೀತಿಯ ಮಾತೇ, ಆದರೆ ಬೇಡ. ಜಾಗ ಬದಲಾದರೆ ಬಚ್ಚಲು ಎಲ್ಲಿ ಅಂತಲೂ ತಿಳಿಯದೆ ಅವರು ಕುಗ್ಗಿಹೋಗುತ್ತಾರೆ. ನೀವೇ ಹೋಗಿ. ವರ್ಷಕ್ಕೊಮ್ಮೆ ಹದಿನೈದು ದಿನಕ್ಕಿಂತ ತಿಂಗಳಿಗೆ ಎರಡು ದಿನ ಒಳ್ಳೆಯದು.

ಹೊರಡುವ ದಿನ ಬ್ಯಾಗನ್ನು ಅವರ ಕಣ್ಣೆದುರು ತುಂಬಬೇಡಿ. ಬಾಗಿಲಲ್ಲಿ ನಿಂತು ಅಳುವುದೂ ಬೇಡ. ನನಗೆ ರಾತ್ರಿ ರೈಲು. ಅಮ್ಮನಿಗೆ ಊಟ ಬಡಿಸಿ ಎಲೆ ಅಡಿಕೆ ತಟ್ಟೆ ಮುಂದಿಡುತ್ತೇನೆ. ಎಲೆಯ ನಾರು ತೆಗೆದು ಸುಣ್ಣ ಹಚ್ಚುವುದನ್ನು ಅವರ ಕೈ ಮರೆತಿಲ್ಲ. ಅದರಲ್ಲಿ ಮುಳುಗಿದಾಗ ಭುಜ ಮುಟ್ಟಿ "ಹೋಗಿ ಬರ್ತೀನಿ ಅಮ್ಮ" ಅನ್ನುತ್ತೇನೆ. ತಲೆ ಎತ್ತದೆ "ಹ್ಞೂಂ, ಛತ್ರಿ ತಗೋ" ಅನ್ನುತ್ತಾರೆ, ಬೇಸಿಗೆಯಲ್ಲೂ. ಮರುದಿನ 10 ಗಂಟೆಯ ಫೋನ್ ತಪ್ಪಿಸಬೇಡಿ, ರೈಲಲ್ಲಿ ನಿದ್ದೆ ಆಗದಿದ್ದರೂ ಸರಿ.