ಗಾಜಿನ ಕೊಳವೆ ಮತ್ತು 20 ನಿಮಿಷ: ಹಾವು ಕಡಿತದ ಶುಶ್ರೂಷೆಯಲ್ಲಿ ನನ್ನ ಅನುಭವ

ಮುಂಗಾರು ಹಿಡಿದು ಗದ್ದೆ ಕೆಲಸ ಶುರುವಾಯಿತೆಂದರೆ ನಮ್ಮ ತಾಲ್ಲೂಕು ಆಸ್ಪತ್ರೆಯ ತುರ್ತು ವಿಭಾಗಕ್ಕೆ ವಾರಕ್ಕೆ ಎರಡು ಮೂರಾದರೂ ಹಾವು ಕಚ್ಚಿದ ಪ್ರಕರಣಗಳು ಬರುತ್ತವೆ. ರಾತ್ರಿ ಪಾಳಿಯಲ್ಲಿ ಒಬ್ಬ ವೈದ್ಯರು, ಇಬ್ಬರು ಶುಶ್ರೂಷಾಧಿಕಾರಿಗಳು, ಒಬ್ಬ ಗ್ರೂಪ್ ಡಿ ನೌಕರರು, ಇದ್ದವರು ಇಷ್ಟೇ. ಇಷ್ಟು ಜನರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮವನ್ನು ಗಟ್ಟಿ ಮಾಡಿಕೊಳ್ಳಲು ನನಗೆ ಎರಡು ಮಳೆಗಾಲಗಳೇ ಬೇಕಾದವು.

ಮೊದಲು ನಮ್ಮಲ್ಲಿದ್ದ ಪದ್ಧತಿಯೆಂದರೆ ಚೀಟಿ, ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣಗಳ) ಪುಸ್ತಕ, ಟಿಟಿ (ಧನುರ್ವಾಯು ತಡೆಯುವ) ಚುಚ್ಚುಮದ್ದು, ಅನಂತರ ಡ್ರಿಪ್. ಅಷ್ಟರಲ್ಲಿ ಸಂಬಂಧಿಕರು ಗೊಬ್ಬರದ ಚೀಲದಲ್ಲಿ ತಂದ ಸತ್ತ ಹಾವನ್ನು ಬಿಚ್ಚಿ ತೋರಿಸುತ್ತಿದ್ದರು, ನಾವೂ ಬಗ್ಗಿ ನೋಡುತ್ತಿದ್ದೆವು. ನಾನು ಈ ಕ್ರಮವನ್ನು ತಿರುವಿ ಹಾಕಿದೆ. ಒಬ್ಬರು ತಲೆಯ ಬಳಿ ನಿಂತು ಉಸಿರು, ಜೊಲ್ಲು, ಕಣ್ಣುರೆಪ್ಪೆಗಳನ್ನು ನೋಡಬೇಕು. ಇನ್ನೊಬ್ಬರು ಕಚ್ಚದ ಕೈಗೆ ಕ್ಯಾನುಲಾ (ಡ್ರಿಪ್ ಕೊಡಲು ರಕ್ತನಾಳಕ್ಕೆ ಹಾಕುವ ಸೂಜಿ) ಹಾಕಿ, ಅದೇ ಚುಚ್ಚಿನಲ್ಲಿ 2 ಮಿಲಿ ರಕ್ತವನ್ನು ಒಣ ಗಾಜಿನ ಕೊಳವೆಗೆ ಬಿಟ್ಟು, ಅದರ ಮೇಲಿನ ಪ್ಲಾಸ್ಟರ್ ಪಟ್ಟಿಯಲ್ಲಿ ಹೊತ್ತು ಬರೆದು, ಅಲುಗಾಡದಂತೆ ನಿಲ್ಲಿಸಬೇಕು. 20 ನಿಮಿಷದ ಬಳಿಕ ಓರೆ ಮಾಡಿದಾಗ ರಕ್ತ ಹೆಪ್ಪುಗಟ್ಟಿರದಿದ್ದರೆ ವಿಷ ರಕ್ತಕ್ಕೆ ಏರಿದೆ, ವಿಷನಿರೋಧಕ ಕೊಡಬೇಕು ಎಂದರ್ಥ. ಬಿಗಿದು ತಂದ ಹಗ್ಗವನ್ನು ಡ್ರಿಪ್ ಹರಿದು ವೈದ್ಯರು ಪಕ್ಕಕ್ಕೆ ಬರುವವರೆಗೆ ಯಾರೂ ಕತ್ತರಿಸಬಾರದು. ಕಾಗದವೆಲ್ಲ ಆಮೇಲೆ. 2024ರಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದ ಮೇಲೆ ಬರೆಯುವುದು ಇನ್ನಷ್ಟು ಹೆಚ್ಚಿದೆಯಾದರೂ ಈ ಕ್ರಮವನ್ನು ನಾನು ಬದಲಿಸಿಲ್ಲ.

“ಕಾಲು ಊದಿದ್ದು ಕಣ್ಣಿಗೆ ಕಾಣುತ್ತಿದೆ, ಕೊಳವೆ ಹಿಡಿದುಕೊಂಡು 20 ನಿಮಿಷ ಕೂರುತ್ತೀರಾ ಸಿಸ್ಟರ್?” ಎಂದು ಹಿರಿಯ ವೈದ್ಯರೊಬ್ಬರು ಎಲ್ಲರೆದುರು ಕೇಳಿದ್ದರು. ಅವರ ಅನುಮಾನಕ್ಕೆ ಮೊದಲಿಗೆ ನಾನೇ ಎಡೆ ಮಾಡಿಕೊಟ್ಟೆ. ಪ್ರಯೋಗಾಲಯದಲ್ಲಿ ತೊಳೆದಿಟ್ಟಿದ್ದ ಕೊಳವೆಗಳನ್ನೇ ಬಳಸುತ್ತಿದ್ದೆ. ಒಂದೇ ವಾರದಲ್ಲಿ ಮೂವರ ರಕ್ತ ಹೆಪ್ಪುಗಟ್ಟಲಿಲ್ಲ. ಅವರಲ್ಲೊಬ್ಬರಿಗೆ ಊತವಿರಲಿ, ಹಲ್ಲಿನ ಗುರುತೂ ಸರಿಯಾಗಿ ಇರಲಿಲ್ಲ. ಆದರೂ 10 ವಯಲ್ (ಸಣ್ಣ ಸೀಸೆ) ವಿಷನಿರೋಧಕ ಹೋಯಿತು, ಮೇಲೆ ಅದು ಒಗ್ಗದೆ ಮೈತುಂಬ ದದ್ದು ಎದ್ದು, ಅದನ್ನು ತಡೆಯಲು ಅಡ್ರಿನಲಿನ್ ಚುಚ್ಚುಮದ್ದು ಕೊಡಬೇಕಾಯಿತು. ಆ ರಾತ್ರಿ ಸಂಶಯ ಬಂದು ನನ್ನದೇ ತೋಳಿನಿಂದ 2 ಮಿಲಿ ತೆಗೆಸಿ ಅಂಥದ್ದೇ ಕೊಳವೆಗೆ ಹಾಕಿಸಿದೆ. 20 ನಿಮಿಷದ ಬಳಿಕ ಓರೆ ಮಾಡಿದಾಗ ರಕ್ತ ನೀರಿನಂತೆ ಹರಿಯಿತು. ಯಾವ ಹಾವೂ ಕಚ್ಚದ ನನ್ನ ರಕ್ತ! ಸೋಪಿನ ಪುಡಿಯಲ್ಲಿ ತೊಳೆದ ಗಾಜಿನಲ್ಲಿ ರಕ್ತ ಹೆಪ್ಪುಗಟ್ಟದು ಎಂಬುದನ್ನು ತರಗತಿಯಲ್ಲಿ ಕೇಳಿರಬಹುದು, ಕಲಿತದ್ದು ಅಂದು.

ಹೊಸ ಕೊಳವೆಗಳ ಮೊದಲ ಪೆಟ್ಟಿಗೆಯನ್ನು ಕೈಯಿಂದಲೇ ಹಣ ಹಾಕಿ ತರಿಸಿದೆ. ಆರೇಳು ನೂರು ರೂಪಾಯಿ ಆಗಿತ್ತೆಂದು ನೆನಪು. ಒಮ್ಮೆ ಬಳಸಿದ್ದನ್ನು ಮತ್ತೆ ಬಳಸುವುದಿಲ್ಲ. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ಕೊಡಿಸಿ ಎಂದು ಬರೆದ ಅರ್ಜಿಗೆ ಏಳೆಂಟು ತಿಂಗಳ ಮೇಲೆ ಒಪ್ಪಿಗೆ ಸಿಕ್ಕಿತು. ಅಗ್ಗವಾಗುತ್ತದೆಂದು ಪ್ಲಾಸ್ಟಿಕ್ ಕೊಳವೆಯನ್ನೂ ನಡುವೆ ಪರೀಕ್ಷಿಸಿ ನೋಡಿದೆ. ನನ್ನ ರಕ್ತ ಅದರಲ್ಲೂ ಮೋಸ ಮಾಡಿತು, ಅಲ್ಲಿಗೇ ಕೈಬಿಟ್ಟೆ.

ಕೊಳವೆಯನ್ನು ಅತಿಯಾಗಿ ನಂಬಿ ನಾನು ಮಾಡಿಕೊಂಡ ಇನ್ನೊಂದು ತಪ್ಪೂ ಇದೆ. ನೆಲದ ಮೇಲೆ ಮಲಗಿದ್ದ ಒಬ್ಬ ಹುಡುಗ ನಡುರಾತ್ರಿ ಹೊಟ್ಟೆನೋವೆಂದು ಬಂದ. ಕಾಲಿನಲ್ಲಿ ಸೊಳ್ಳೆ ಕಚ್ಚಿದಷ್ಟು ಗುರುತು, ಊತವಿಲ್ಲ, ರಕ್ತ ಚೆನ್ನಾಗಿ ಹೆಪ್ಪುಗಟ್ಟಿತು. ನಾನು ನಿರಾಳವಾದೆ. ನಾಲ್ಕು ಗಂಟೆಯ ಹೊತ್ತಿಗೆ ಅವನ ತಾಯಿ “ಅಕ್ಕಾ, ಇವನು ನಿದ್ದೆಗಣ್ಣಲ್ಲೇ ಮಾತಾಡ್ತಾನೆ” ಎಂದರು. ಅದು ನಿದ್ದೆಯಲ್ಲ, ರೆಪ್ಪೆ ಎತ್ತಲು ಅವನಿಗೆ ಆಗುತ್ತಿರಲಿಲ್ಲ. ಕಟ್ಟುಹಾವಿನ ವಿಷ ನರಗಳ ಮೇಲೆ ಹೋಗುತ್ತದೆ, ಕೊಳವೆಗೆ ಅದು ತಿಳಿಯುವುದಿಲ್ಲ. ವಿಷನಿರೋಧಕ ಹನಿಯುತ್ತಿರುವಂತೆಯೇ ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಒತ್ತುತ್ತ ಜಿಲ್ಲಾಸ್ಪತ್ರೆಯವರೆಗೆ ನಾನೇ ಆಂಬುಲೆನ್ಸ್‌ನಲ್ಲಿ ಹೋದೆ, ಹುಡುಗ ಉಳಿದ. ಅಂದಿನಿಂದ ಕೊಳವೆ ಏನೇ ಹೇಳಲಿ, ಅರ್ಧ ಗಂಟೆಗೊಮ್ಮೆ ರೋಗಿಗೆ ಮೇಲೆ ನೋಡಲು ಹೇಳಿ, ಒಂದೇ ಉಸಿರಿನಲ್ಲಿ ಎಣಿಸಿಸುತ್ತೇನೆ. 30ರವರೆಗೆ ಎಣಿಸಿದವನು 15ಕ್ಕೆ ನಿಂತನೆಂದರೆ ವೈದ್ಯರನ್ನು ಎಬ್ಬಿಸುತ್ತೇನೆ.

ವಿಷನಿರೋಧಕದ ಪುಡಿಯನ್ನು ಕರಗಿಸುವಾಗ ವಯಲನ್ನು ಕುಲುಕಿದರೆ ನೊರೆ ಬಂದು ಕೆಲಸ ಕೆಡುತ್ತದೆ; ಅಂಗೈಗಳ ನಡುವೆ ಮೆಲ್ಲಗೆ ತಿರುಗಿಸಬೇಕು. ಅಡ್ರಿನಲಿನ್ ಸಿರಿಂಜನ್ನು ಮೊದಲೇ ತುಂಬಿ, ಹೆಸರು ಬರೆದು ಇಡುತ್ತೇನೆ. ಎಲ್ಲಿ, ಹೇಗೆ ಇಟ್ಟರೆ ಕತ್ತಲಲ್ಲೂ ಕೈಗೆ ಸಿಗುತ್ತದೆ ಎಂಬುದು ನನ್ನ ಟ್ರೇಯ ಗುಟ್ಟು, ಬಂದು ನೋಡಿದವರಿಗಷ್ಟೇ ತೋರಿಸುತ್ತೇನೆ.

ಕಳೆದ ಮಳೆಗಾಲದಲ್ಲಿ ನಲವತ್ತರ ಆಸುಪಾಸು ಪ್ರಕರಣಗಳನ್ನು ಹೀಗೆ ನೋಡಿದೆವು. ಅರ್ಧಕ್ಕಿಂತ ಹೆಚ್ಚಿನವರಿಗೆ ವಿಷನಿರೋಧಕದ ಅಗತ್ಯವೇ ಬೀಳಲಿಲ್ಲ. ಅವರನ್ನು ಒಂದಿಡೀ ದಿನ ಇಟ್ಟುಕೊಂಡು, ಮತ್ತೆ ಮತ್ತೆ ಪರೀಕ್ಷಿಸಿ ಕಳುಹಿಸಿದೆವು. ನನ್ನನ್ನು ಗದರಿದ್ದ ವೈದ್ಯರು ಈಗ ಫೋನಿನಲ್ಲಿ ಮೊದಲು ಕೇಳುವುದೇ “ಟ್ಯೂಬ್ ಎಷ್ಟು ಹೊತ್ತಿಗೆ ಇಟ್ಟಿರಿ?” ಎಂದು. ಉಳಿದಿರುವ ತೊಡಕು ಒಂದೇ: ವಿಷನಿರೋಧಕ ಕೊಟ್ಟು 6 ಗಂಟೆಯಾದ ಮೇಲೆ ಮತ್ತೆ ಮಾಡಬೇಕಾದ ಇದೇ ಕೊಳವೆ ಪರೀಕ್ಷೆ ಬಹುಪಾಲು ಬೆಳಗಿನ ಪಾಳಿಗೆ ಬೀಳುತ್ತದೆ, ಅಲ್ಲಿ ಅದು ಮರೆತುಹೋಗುತ್ತದೆ. ಅದಕ್ಕೆಂದೇ ಈಗ ಹೊತ್ತು ಬರೆದ ಎರಡನೇ ಕೊಳವೆಯನ್ನು ಖಾಲಿಯಾಗಿಯೇ ಮಂಚದ ಕಂಬಿಗೆ ಅಂಟಿಸಿ ಮನೆಗೆ ಹೋಗುತ್ತೇನೆ.