ದಾಸವಾಳ ಟೀ: ಯಾವ ಹೂವು, ಹೇಗೆ ಮಾಡೋದು, ಯಾರಿಗೆ ಬೇಡ

ಬಿಪಿಗೆ ದಾಸವಾಳ ಟೀ ಒಳ್ಳೆಯದು ಅನ್ನುವ ಮಾತು ಸುಳ್ಳಲ್ಲ. ಆದರೆ ಯಾವ ದಾಸವಾಳ ಅಂತ ಮೊದಲು ನೋಡಿಕೊಳ್ಳಿ. ಅಂಗಡಿಯಲ್ಲಿ ಒಣಗಿಸಿ ಮಾರುವ, ಕಡುಗೆಂಪಾಗಿ ಹುಳಿಹುಳಿಯಾಗಿ ಬರುವ ಟೀ ನಮ್ಮ ಪುಂಡಿಪಲ್ಯದ ಬಳಗಕ್ಕೆ ಸೇರಿದ ಕೆಂಪು ಪುಂಡಿಯದು. ಹೂವು ಉದುರಿದ ಮೇಲೆ ಕಾಯಿಯ ಸುತ್ತ ದಪ್ಪಗೆ ಉಳಿಯುತ್ತದಲ್ಲ, ಆ ಕೆಂಪು ಸಿಪ್ಪೆ. ಈಜಿಪ್ಟಿನವರು ಕರ್ಕಡೆ ಅಂತ ಕುಡಿಯುವುದೂ ಇದನ್ನೇ. 2010ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬಿಪಿ ಸ್ವಲ್ಪ ಜಾಸ್ತಿ ಇದ್ದರೂ ಮಾತ್ರೆ ತೆಗೆದುಕೊಳ್ಳದ 65 ಜನರಿದ್ದರು. ಅವರಲ್ಲಿ ದಿನಕ್ಕೆ 3 ಕಪ್‌ನಂತೆ 6 ವಾರ ಈ ಟೀ ಕುಡಿದವರಿಗೆ ಮೇಲಿನ ಬಿಪಿ ಸರಾಸರಿ 7 ಪಾಯಿಂಟ್ ಇಳಿಯಿತು.

ಅಂಗಳದ ಐದೆಸಳಿನ ಕೆಂಪು ದಾಸವಾಳ ಬೇರೆ ಗಿಡ. ಅದರ ಟೀ, ತಂಬುಳಿ ಎರಡೂ ಚೆನ್ನಾಗಿರುತ್ತವೆ, ಮಾಡಿ. ಆದರೆ ಮೇಲಿನ ಲೆಕ್ಕ ಅದಕ್ಕೆ ಅನ್ವಯಿಸುವುದಿಲ್ಲ.

ಒಣ ಪುಂಡಿಯಾದರೆ ಒಂದು ಟೀ ಚಮಚಕ್ಕೆ ಒಂದು ಕಪ್ ಕುದಿಯುವ ನೀರು ಹಾಕಿ, ಐದಾರು ನಿಮಿಷ ಮುಚ್ಚಿಟ್ಟು ಸೋಸಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿಗೆ ಲೋಹ ಬಿಟ್ಟುಕೊಳ್ಳುತ್ತದೆ. ಸ್ಟೀಲ್ ಅಥವಾ ಗಾಜು ಸಾಕು.

ಮನೆಯ ಹೂವಾದರೆ ಮೂರ್ನಾಲ್ಕು ತನ್ನಿ. ಹಸಿರು ತೊಟ್ಟು, ನಡುವಿನ ಕೇಸರದ ದಂಡು ಕಿತ್ತುಹಾಕಿ, ಇರುವೆ ಇರುತ್ತವೆ, ಚೆನ್ನಾಗಿ ತೊಳೆಯಿರಿ. ಕುದಿಸಿದಾಗ ಎಸಳು ಬಣ್ಣ ಬಿಟ್ಟು ನೀರು ನೇರಳೆಯಾಗುತ್ತದೆ. ನಿಂಬೆ ಹಿಂಡಿ ನೋಡಿ, ಕಣ್ಣೆದುರೇ ಕೆಂಪಗಾಗುತ್ತದೆ! ಮಾರುಕಟ್ಟೆಯ ಪೂಜೆ ಹೂವು ಮಾತ್ರ ತರಬೇಡಿ. ದಾಸವಾಳಕ್ಕೆ ಬಿಳಿ ಹಿಟ್ಟಿನಂಥ ತಿಗಣೆ ಬೇಗ ಹತ್ತುತ್ತದೆ, ಅದಕ್ಕೆ ಏನು ಔಷಧಿ ಹೊಡೆದಿದ್ದಾರೋ ಗೊತ್ತಾಗುವುದಿಲ್ಲ.

ಇನ್ನು ಮುಖ್ಯವಾದ ಮಾತು. ಗರ್ಭಿಣಿಯರು, ಮಗುವಿಗಾಗಿ ಪ್ರಯತ್ನಿಸುತ್ತಿರುವವರು, ಹಾಲುಣಿಸುವ ತಾಯಂದಿರು ಎರಡು ಬಗೆಯದನ್ನೂ ಕುಡಿಯಬೇಡಿ. ಬಿಪಿ ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ, ಯಾಕೆಂದರೆ ಮಾತ್ರೆಯೂ ಟೀಯೂ ಸೇರಿ ಬೇಕಾದ್ದಕ್ಕಿಂತ ಜಾಸ್ತಿ ಇಳಿಸಿಬಿಡಬಹುದು. ಎದ್ದು ನಿಂತಾಗ ತಲೆ ಸುತ್ತಿದರೆ ಟೀ ನಿಲ್ಲಿಸಿ, ಬಿಪಿ ನೋಡಿಸಿ. ಮಲೇರಿಯಾದ ಕ್ಲೋರೋಕ್ವಿನ್ ಜೊತೆಗೂ ಬೇಡ, ಔಷಧಿ ಮೈಗೆ ಸರಿಯಾಗಿ ಹತ್ತುವುದಿಲ್ಲ. ಟೀ ಕುಡಿಯುತ್ತಿದ್ದೇನಲ್ಲ ಅಂತ ಬಿಪಿ ಮಾತ್ರೆ ಬಿಡುವುದಂತೂ ಬೇಡವೇ ಬೇಡ, ದಯವಿಟ್ಟು.

ಉಳಿದವರು ಒಂದು ಕಪ್‌ನಿಂದ ಶುರು ಮಾಡಿ. ಹುಳಿತೇಗು, ಎದೆ ಉರಿ ಇದ್ದರೆ ಖಾಲಿ ಹೊಟ್ಟೆಗೆ ಕುಡಿಯಬೇಡಿ. ಕುಡಿದಾದ ಮೇಲೆ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಹಲ್ಲುಜ್ಜುವುದಿದ್ದರೆ ಅರ್ಧ ಗಂಟೆ ಬಿಟ್ಟು ಉಜ್ಜಿ.