ಓದಿದ್ದನ್ನು ನೆನಪಿಗೆ ತಂದುಕೊಳ್ಳುವುದು ಹೇಗೆ?

ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು, ಪರೀಕ್ಷೆಯಲ್ಲಿ ಉತ್ತರ ಹೊಳೆಯದಿದ್ದರೆ ಓದಿದ್ದೆಲ್ಲ ಮರೆತುಹೋಯಿತೆಂದು ಕಂಗಾಲಾಗುತ್ತಾರೆ. ಎಷ್ಟೋ ಸಲ ವಿಷಯ ಅಳಿಸಿಹೋಗಿರುವುದಿಲ್ಲ; ಹುಡುಕಾಟ ದಾರಿ ತಪ್ಪಿರುತ್ತದೆ. ಅನುಭವದ ಬಿಡಿ ಅಂಶಗಳನ್ನು ಒಂದು ನೆನಪಾಗಿ ಹೆಣೆಯುವಲ್ಲಿ ಮಿದುಳಿನ ಒಳಭಾಗದ ಹಿಪೊಕ್ಯಾಂಪಸ್ ಮುಖ್ಯವಾದರೆ, ಬೇಕಾದುದನ್ನು ಅರಸುವಲ್ಲಿ ಮತ್ತು ಸಿಕ್ಕಿದ್ದನ್ನು ಪರಿಶೀಲಿಸುವಲ್ಲಿ ಹಣೆಯ ಹಿಂದಿರುವ ಪ್ರೀಫ್ರಂಟಲ್ ಕಾರ್ಟೆಕ್ಸ್‌ನ ಪಾತ್ರ ದೊಡ್ಡದು. ಈ ಭಾಗಕ್ಕೆ ಹಾನಿಯಾದವರಲ್ಲಿ ಅನೇಕರು ಆಯ್ಕೆಗಳನ್ನು ಮುಂದಿಟ್ಟರೆ ಸರಿಯುತ್ತರ ಗುರುತಿಸುತ್ತಾರೆ, ತಾವಾಗಿಯೇ ಹೇಳಬೇಕಾದಾಗ ತಡವರಿಸುತ್ತಾರೆ.

ಆದ್ದರಿಂದ ಅಧ್ಯಾಯ ಮುಗಿದೊಡನೆ ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಬರೆಯಿರಿ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ಬಳಿಕ ಕೇಳಿದಾಗ ಮರಳಿ ಓದಿದವರೇ ಮುಂದಿದ್ದರು. ವಾರದ ಬಳಿಕವಾದರೋ ನೆನಪಿನಿಂದ ಬರೆದು ಅಭ್ಯಾಸ ಮಾಡಿದವರು ಅವರನ್ನು ಹಿಂದಿಕ್ಕಿದರು.

ಉತ್ತರ ಬಾರದಿದ್ದಾಗ ಅದನ್ನೇ ಹಿಡಿದು ಕೂರದೆ ಸುಳಿವುಗಳನ್ನು ಕಟ್ಟಿಕೊಳ್ಳಿ. ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾದ ವರ್ಷ ಬೇಕೆನ್ನಿ. ಊರು ಧಾರವಾಡ, ಆಗ ಮುಂಬೈ ಪ್ರಾಂತಕ್ಕೆ ಸೇರಿದ್ದು, ಮುಂದಾಳು ರಾ.ಹ. ದೇಶಪಾಂಡೆ, ಕಾಲ ಹತ್ತೊಂಬತ್ತನೆಯ ಶತಮಾನದ ಕೊನೆ ಎಂದು ಸುತ್ತಲಿನ ಸಂಗತಿಗಳನ್ನು ಒಂದೊಂದಾಗಿ ಕೇಳಿಕೊಂಡರೆ 1890 ತಲೆಯೆತ್ತೀತು. ಜೊತೆಗೆ 1915 ಕೂಡ ನುಗ್ಗಬಹುದು. ಅದು ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿದ ವರ್ಷ. ಹೀಗೆ ಒಂದನ್ನೊಂದು ತಳ್ಳುವ ನೆನಪುಗಳಲ್ಲಿ ತಕ್ಕದ್ದನ್ನು ಆರಿಸುವಾಗ ಪ್ರೀಫ್ರಂಟಲ್‌ನ ಕೆಳ ಪಾರ್ಶ್ವಭಾಗ ಹೆಚ್ಚು ದುಡಿಯುತ್ತದೆ. ಇಂಥ ಜೋಡಿಗಳನ್ನು ಓದುವಾಗಲೇ ಪಕ್ಕಪಕ್ಕ ಬರೆದು ವ್ಯತ್ಯಾಸ ಗುರುತಿಸಿಕೊಳ್ಳುವುದು ಮೇಲು.

ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಡಬೇಡಿ. ನಿದ್ದೆಯ ಕೊರತೆಯೂ ಅತಿಯಾದ ಆತಂಕವೂ ಪ್ರೀಫ್ರಂಟಲ್ ಕಾರ್ಟೆಕ್ಸ್‌ನ ಕೆಲಸವನ್ನು ಕುಗ್ಗಿಸುತ್ತವೆ.

ಉತ್ತರ ಹೊಳೆದ ಮೇಲೂ ಒಂದು ತಪಾಸಣೆ ಉಳಿಯುತ್ತದೆ, ಅನೇಕರು ಎಡವುವುದು ಇಲ್ಲಿಯೇ ಎಂದು ನನ್ನ ಎಣಿಕೆ. ಮಿದುಳಿನ ಮುಂಭಾಗಕ್ಕೆ ಹಾನಿಯಾದವರಿಗೆ ಸಂಗತಿ ನೆನಪಿದ್ದರೂ ಅದನ್ನು ಎಲ್ಲಿ, ಯಾರಿಂದ ತಿಳಿದೆವೆಂಬುದು ತಪ್ಪಿಹೋಗುವುದುಂಟು. ಆರೋಗ್ಯವಂತರಲ್ಲಿಯೂ ಪಠ್ಯದಲ್ಲಿ ಓದಿದ್ದು, ವಾಟ್ಸಾಪ್‌ನಲ್ಲಿ ಕಂಡದ್ದು ಬೆರೆತುಹೋಗುತ್ತವೆ. ಹೊಳೆದ ಉತ್ತರವನ್ನು ಯಾವ ಪುಸ್ತಕದಲ್ಲಿ, ಯಾವ ತರಗತಿಯಲ್ಲಿ ಕಂಡೆನೆಂದು ಕೇಳಿಕೊಳ್ಳಿ. ಮೂಲ ನೆನಪಾಗದಿದ್ದರೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪರೀಕ್ಷೆಯಲ್ಲಿ ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ.